ಅಕ್ಕನ ಹನ್ನೆರಡನೆಯ ಸಿಟ್ಟಿಂಗ್

ಎಲ್ಲಿಂದ ಶುರು ಮಾಡಲಿ? ಆಯಸ್ಕಾಂತದಿಂದ ಶುರು ಮಾಡಿದರೆ ವಿಜ್ಞಾನದ ಲೇಖನ ಅಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ಕಣ್ಣೀರಿನಿಂದ ಶುರು ಮಾಡಿದರೆ ಸೀರಿಯಲ್ ಆಗುತ್ತದೆ.

೧. (ಹೊಡೆದುಹಾಕಿದ ಡ್ರಾಫ್ಟ್) "ಜೆ.ಪಿ. ನಗರದ ಆ ಕ್ಲಿನಿಕ್ಕಿನಲ್ಲಿ ಬೆಳಕು ಮಂದವಾಗಿತ್ತು..." ಸುಳ್ಳು. ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯುತ್ತಿತ್ತು.

೩. (ಎರಡನೆಯದು ಎಲ್ಲಿ ಎಂದು ಕೇಳಬೇಡಿ, ಅದರಲ್ಲಿ ನಾನು ಬಹಳ ಒಳ್ಳೆಯವನಾಗಿದ್ದೆ.) ನನ್ನ ಅಕ್ಕ ಜಯಶೀಲಾಗೆ ಡಿಪ್ರೆಶನ್. ಎರಡು ವರ್ಷ ಮಾತ್ರೆ ನುಂಗಿಯೂ ಗುಣ ಕಾಣದಿದ್ದಾಗ ಡಾಕ್ಟರ್ ವಸಿಷ್ಠ ಹೊಸದೊಂದು ಹೇಳಿದರು: ತಲೆಗೆ ಆಯಸ್ಕಾಂತದ ಯಂತ್ರ ಹಿಡಿದು ಮಿದುಳಿಗೆ ಮಿಡಿತ ಕೊಡುತ್ತಾರೆ, ಅದೇ ಹೊತ್ತಿಗೆ ಅವಳು ಧ್ಯಾನ ಮಾಡಬೇಕು. ಮೂವತ್ತು ಸಿಟ್ಟಿಂಗ್. ಮೈಮೇಲೆ ಲೋಹ ಇರಕೂಡದು.

ಅಕ್ಕನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದ ದಿನದಿಂದ ಅದು ಅವಳ ಮೈಬಿಟ್ಟು ಇಳಿದದ್ದಿಲ್ಲ.

"ಧ್ಯಾನ ಮಾಡು ಅಂತಾರೆ, ಲಿಂಗ ತೆಗಿ ಅಂತಾರೆ. ಹೆಂಗೋ?"

"ಅರ್ಧ ಗಂಟೆ ತಾನೇ ಅಕ್ಕ, ನಂಗೆ ಕೊಡು. ಕೈಯಲ್ಲೇ ಹಿಡ್ಕೊಂಡಿರ್ತೀನಿ."

ಹಿಡಿದುಕೊಂಡೇ ಇದ್ದೆ. ಹತ್ತನೆಯ ದಿನ ವಾಪಸ್ ಬರುವಾಗ ಸಾರಕ್ಕಿ ಸಿಗ್ನಲ್‌ನಲ್ಲಿ ಅಕ್ಕ ತಾನಾಗಿ ಬಾಯಿಬಿಟ್ಟಳು. "ಅವರೆಕಾಯಿ ಬಂದಿದ್ಯೇನೋ? ತಗೊಳೋ." (ಎರಡು ವರ್ಷದಲ್ಲಿ ಅವಳು ಬೇಕೆಂದು ಕೇಳಿದ ಮೊದಲ ವಸ್ತು. ಇಲ್ಲಿ ನೀವು ಖುಷಿಪಡಬಹುದು; ನಾನು ಪಟ್ಟೆ.)

ಹನ್ನೆರಡನೆಯ ದಿನ ಗೆಳೆಯನ ಫೋನ್ ಬಂತು. ಕರಡಿಗೆಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಹೆಲ್ಮೆಟ್ ಪಕ್ಕ ಇಟ್ಟು ಕಾಫಿಗೆ ಹೋದೆ. ಅಕ್ಕ ಹೊರಬಂದು ಕೈ ಚಾಚಿದಾಗ ಪಾರ್ಕಿಂಗ್‌ಗೆ ಓಡಿದೆ. ಅವಳು ಹಿಂದೆಯೇ ಬಂದು, ನಾನು ಡಿಕ್ಕಿ ತೆಗೆಯುವುದನ್ನು ನೋಡಿದಳು. ಕರಡಿಗೆಯನ್ನು ತಾನೇ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಮರುದಿನ ಮಂಚ ಬಿಟ್ಟು ಏಳಲಿಲ್ಲ.

೪. ಡಾಕ್ಟರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

"ಲಿಂಗ ಕಲ್ಲು ತಾನೇ ಸುಮನ್? ಬೆಳ್ಳಿ ಮಾತ್ರ ತೆಗೆದಿಟ್ಟು, ಅದನ್ನ ಅಂಗೈಲೇ ಇಟ್ಕೊಂಡು ಧ್ಯಾನ ಮಾಡ್ಬಹುದಿತ್ತಲ್ರೀ. ಒಂದು ಮಾತು ಕೇಳ್ಬಾರ್ದಾ?"

ಕೇಳಲಿಲ್ಲ. ನನಗೇ ಎಲ್ಲ ಗೊತ್ತಿತ್ತಲ್ಲ! ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅಕ್ಕ.

೫. ಅಂತ್ಯ ಒಂದು: ಅಕ್ಕ ಅಂಗೈಯಲ್ಲಿ ಲಿಂಗ ಹಿಡಿದು ಹದಿಮೂರನೆಯ ಸಿಟ್ಟಿಂಗ್‌ಗೆ ಕೂರುತ್ತಾಳೆ, ನಗುತ್ತಾಳೆ.

"ನಗ್ತೀನಿ ಅಂತ ಬರೆದ್ಯಾ? ಹೊಡೆದ್ಹಾಕು."

ಅಂತ್ಯ ಎರಡು: ನಾನು ಅವಳ ಕಾಲು ಹಿಡಿದು "ತಪ್ಪಾಯ್ತಕ್ಕ" ಅನ್ನುತ್ತೇನೆ.

"ಅದನ್ನ ನಂಗೆ ಹೇಳ್ಬೇಕಪ್ಪ. ಊರವರಿಗೆಲ್ಲ ಯಾಕೆ ಹೇಳ್ತಿದ್ದೀಯ?"

(ಹೀಗೆ ಜಗಳಕ್ಕೆ ಬರುವವಳು ಕಥೆಯ ಅಕ್ಕ. ನಿಜವಾದವಳು ಮಾತು ಬಿಟ್ಟು ಮೂರು ವಾರವಾಯಿತು.)

ಅಂತ್ಯ ಮೂರನ್ನು ಬರೆಯಲಾರೆ. ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ, ಚಿಲಕ ಕೂಡ ಹಾಕಿಕೊಂಡಿಲ್ಲ. ಎದ್ದು ಹೋಗಿ ಹೇಳಬೇಕು, ಅಷ್ಟೇ. ನಾನು ಮಾತ್ರ ಇನ್ನೂ ನಿಮ್ಮ ಜೊತೆ ಮಾತಾಡುತ್ತಾ ಕೂತಿದ್ದೇನೆ.