ಕಾಲರಿನ ಕೆಳಗಿನ ಅಂಗಿ

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಹೊಲಿದ ಕಾಲರುಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಮೂರು ಸುತ್ತು ಬಂದು, ಚಂದ್ರನ ಕುತ್ತಿಗೆಗೂ ಒಂದು ಉಳಿದೀತು. ನನ್ನ ಕಾಲರ್ ತೊಟ್ಟವನು ಹೆಂಡತಿಯ ಮುಂದೆಯೂ ತಲೆ ತಗ್ಗಿಸಲಾರ, ಕಾಲರ್ ಬಿಡುವುದಿಲ್ಲ. ನಮ್ಮ ಅಂಗಿ ಕಾರ್ಖಾನೆಯಲ್ಲಿ ನನಗೆ ಕಾಲರ್ ರಾಜ ಎಂದೇ ಹೆಸರು. ಹೆಸರಿಟ್ಟವನು ನಾನೇ ಎಂಬುದು ಬೇರೆ ಮಾತು.

ನಮ್ಮಲ್ಲಿ ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಭಾಗ. ನನಗೆ ಕಾಲರ್, ಪಕ್ಕದ ಮಷಿನ್ನಿನ ಹೆಂಗಸಿಗೆ ತೋಳು. ಅವಳನ್ನು ಎಲ್ಲರೂ ತೋಳಕ್ಕ ಎನ್ನುತ್ತಿದ್ದರು. "ತೋಳು ಯಾರು ಬೇಕಾದ್ರೂ ಹೊಲೀತಾರೆ" ಎಂದು ದಿನಕ್ಕೆ ನೂರು ಸಲ ಅವಳನ್ನು ಕೆಣಕುತ್ತಿದ್ದೆ. ಆದರೆ ಒಂದು ಗುಟ್ಟಿತ್ತು: ಈ ಜನ್ಮದಲ್ಲಿ ನಾನು ಒಂದೇ ಒಂದು ಇಡೀ ಅಂಗಿ ಹೊಲಿದಿರಲಿಲ್ಲ.

ಮಗಳಿಗೆ ಕೆಲಸ ಸಿಕ್ಕಿತು.

"ಅಪ್ಪಾ, ಸೋಮವಾರ ನಂದು ಮೊದಲ್ನೇ ದಿನ. ನೀನು ಹೊಲಿದ ಅಂಗೀನೇ ಹಾಕ್ಕೊಂಡು ಹೋಗೋದು."

"ಅದೇನು ಮಹಾ! ನಿಮ್ಮ ಆಫೀಸಿಗೆಲ್ಲಾ ಹೊಲ್ಕೊಡ್ತೀನಿ!" ಎಂದೆ. ಬಾಯಿ ಹೇಳಿಬಿಟ್ಟಿತು; ಕೈಯನ್ನು ಒಂದು ಮಾತು ಕೇಳಲಿಲ್ಲ.

ಕಟಿಂಗ್ ಮಾಸ್ಟರಿಂದ ಬಟ್ಟೆ ಕತ್ತರಿಸಿಕೊಂಡು ತಂದು, ಶನಿವಾರ ಮನೆಯ ಮಷಿನ್ನಿಗೆ ಕೂತೆ. ಕಾಲರ್ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಉಳಿದದ್ದಕ್ಕೆ ಹನ್ನೊಂದು ಗಂಟೆ. ಮಗಳು ತೊಟ್ಟು ಕನ್ನಡಿ ಮುಂದೆ ನಿಂತಳು.

"ಕಾಲರ್ ಸೂಪರ್ ಅಪ್ಪಾ. ಆದ್ರೆ ಕೈ ಮುಂದಕ್ಕೆ ಬರ್ತಿಲ್ಲ."

ಎಡದ ತೋಳನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂಡಿಸಿದ್ದೆ.

"ಆಫೀಸಲ್ಲಿ ಕೈ ಕಟ್ಕೊಂಡು ಕೂರ್ಬಾರ್ದು ಅಂತ ಬೇಕಂತಲೇ ಹೀಗೆ ಹೊಲ್ದಿದ್ದು" ಎಂದೆ. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಮಗಳು ಮಾತ್ರ ನಗಲಿಲ್ಲ. "ಪರವಾಗಿಲ್ಲಪ್ಪ, ಹಳೇದೇ ಹಾಕ್ಕೊತೀನಿ" ಎಂದು ಅಂಗಿಯನ್ನು ಮೆತ್ತಗೆ ಮಡಿಸಿಟ್ಟಳು. ಆ ಮೆತ್ತಗೆ ಮಡಿಸಿದ್ದು ನನ್ನ ಎದೆಗೆ ಸೂಜಿಯಂತೆ ಚುಚ್ಚಿತು.

ಭಾನುವಾರ ಬೆಳಿಗ್ಗೆ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ತೋಳಕ್ಕನ ಬಾಗಿಲು ತಟ್ಟಿದೆ.

"ಏನು, ಮಹಾರಾಜರ ಸವಾರಿ ಈ ಕಡೆ?"

"ಅಕ್ಕಾ, ನಂಗೆ ತೋಳು ಹೊಲಿಯೋಕೆ ಬರಲ್ಲ. ಕಲಿಸ್ಕೊಡಿ."

"ಕಿವಿಗೆ ಸರಿಯಾಗಿ ಬೀಳ್ಲಿಲ್ಲಪ್ಪ. ಇನ್ನೊಂದ್ಸಲ ಹೇಳು."

ಬೀದಿಗೆಲ್ಲಾ ಕೇಳುವಂತೆ ಹೇಳಿದೆ. ಎದುರು ಮನೆಯ ನಾಯಿಯೂ ಎದ್ದು ಕೂತಿತು.

ಅವಳು ಮಷಿನ್ ಮುಟ್ಟಲಿಲ್ಲ, ಬೆರಳಿಟ್ಟು ತೋರಿಸಿದಳು ಅಷ್ಟೆ. "ನೋಡು, ತೋಳಿನ ಮುಂದಿನ ಬಾಗು ಆಳ, ಹಿಂದಿಂದು ಕಮ್ಮಿ. ಕಣ್ಣಿಂದ ಅಲ್ಲ, ಬೆರಳಿಂದ ನೋಡು." ಹೊಲಿದೆ, ಬಿಚ್ಚಿದೆ, ನಾಲ್ಕು ಸಾವಿರ ಸಲ. ಸರಿ, ನಾಲ್ಕು ಸಲ. ಐದನೆಯದಕ್ಕೆ ಅವಳು "ಹೂಂ" ಎಂದಳು. ಅಂಥ ದೊಡ್ಡ ಬಿರುದು ನಾನು ಕೂಡ ನನಗೆ ಕೊಟ್ಟುಕೊಂಡಿರಲಿಲ್ಲ.

ಸೋಮವಾರ ಮಗಳು ಅದೇ ಅಂಗಿ ತೊಟ್ಟು, ಬೀದಿ ತಿರುವಿನಲ್ಲಿ ನಿಂತು ಕೈ ಎತ್ತಿ ಬೀಸಿದಳು. ಆ ಕೈ ಮೋಡಕ್ಕೆ ತಾಗಿತು, ಕಣ್ಣಾರೆ ನೋಡಿದ್ದೇನೆ.

ಕಾರ್ಖಾನೆಗೆ ಹೋದವನೇ ಸೂಪರ್‌ವೈಸರನ್ನು ಕೇಳಿಕೊಂಡು ತೋಳಿನ ಮಷಿನ್ನಿಗೆ ಕೂತೆ. "ಕಾಲರ್ ಏನು ಮಹಾ" ಎನ್ನುತ್ತಾ ತೋಳಕ್ಕ ನನ್ನ ಸಿಂಹಾಸನ ಏರಿದಳು. ಅವಳ ಮೊದಲ ಕಾಲರ್ ಬಾಡಿದ ಎಲೆಯಂತೆ ಮಲಗಿತು. ನಾನು ನಗಲಿಲ್ಲ. ಸ್ವಲ್ಪವೇ ನಕ್ಕು, ಕುರ್ಚಿ ಅವಳ ಪಕ್ಕಕ್ಕೆ ಎಳೆದುಕೊಂಡೆ.