ಎರಡನೆಯ ಸಹಿ

ಆ ದಿನ ಬೆಳಗ್ಗೆ ಮಲ್ಕಾಜ್‌ಗಿರಿಯ ಮೇಲೆ ಆಲಿಕಲ್ಲು ಸುರಿಯಿತು. ಏಪ್ರಿಲ್ ತಿಂಗಳ ಮಳೆ. ಏಳು ಗಂಟೆಗೇ ಆಕಾಶ ರೊಟ್ಟಿಹಂಚಿನ ತಳದಂತೆ ಕಪ್ಪಾಗಿ, ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ರೈಲ್ವೆ ಕ್ವಾರ್ಟರ್ಸಿನ ತಗಡುಗಳನ್ನು ತೂತು ಮಾಡಿ, ಬೇವಿನ ಕೆಳಗೆ ನಿಂತಿದ್ದ ಆಟೋದ ಗಾಜು ಒಡೆದು, ಗುರುಬಸವನ ಬಾಲ್ಕನಿಯಲ್ಲಿ ಕೂತಿದ್ದ ಪಾರಿವಾಳವೊಂದನ್ನು ಕೂತಲ್ಲೇ ಕೊಂದು ಕೆಡವಿದವು. ಲಿಂಗಪೂಜೆ ಮುಗಿಸಿ ಎದ್ದಿದ್ದ ಗುರುಬಸವ ಆ ಹಕ್ಕಿಯನ್ನು ಎತ್ತಲು ಬಾಗಿದ್ದ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಯಾರೋ ಬಾಗಿಲು ಬಡಿದರು. ಚಿಲಕ ತೆಗೆದನೋ ಇಲ್ಲವೋ, ಹೆಲ್ಮೆಟ್ಟೊಂದು ಅವನ ದವಡೆಗೆ ಬಂದು ಅಪ್ಪಳಿಸಿತು.

ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಇನ್ನೆರಡು ಏಟು ಹಾಕಿದಾತ ಗುರುಬಸವ ಎಂದೂ ನೋಡದ ಮನುಷ್ಯ. ಮೈಯೆಲ್ಲ ತೊಯ್ದಿತ್ತು. ಕಲ್ಲು ಬಿದ್ದಲ್ಲೆಲ್ಲ ಕೈ, ಕೊರಳು ಬಾತಿದ್ದವು.

"ಓಣಿ ಅನ್ನೂದು ನಿಂದೇ ಏನಲೇ?"

"ನಂದರಿ," ಎಂದ ಗುರುಬಸವ. ಬಾಯೊಳಗೆ ಹಲ್ಲೊಂದು ಅಲುಗುತ್ತಿತ್ತು.

"ನಾ ಯಶವಂತ, ಬೀದರದಾಂವ. ಸ್ನೇಹಲತಾನ ಅಣ್ಣ. ಆಕಿ ಗುರ್ತು ನಿನಗಿಲ್ಲ ಬಿಡು. ಆಕಿ ಆಧಾರ್ ಮಾತ್ರ ನಿನ ಬಲ್ಲಿ ಐತಿ. ಊರ ಹೆಣ್ಮಕ್ಕಳ ಕಾರ್ಡ್ ಬೀದ್ಯಾಗ ಹರವಿಟ್ಟು ಪೂಜಿ ಮಾಡ್ಕೋತ ಕುಂತೀಯಲ್ಲ, ಭಾರಿ ಭಕ್ತ ನೋಡು ನೀ."

ಅವನು ಫೋನನ್ನು ಗುರುಬಸವನ ಮುಖಕ್ಕೆ ಹಿಡಿದ. ಆಸ್ಪತ್ರೆಯ ಹಾಸಿಗೆ. ಕಿವಿಯಿಂದ ಗದ್ದದವರೆಗೆ ಹೊಲಿಗೆ ಹಾಕಿದ ಒಂದು ಹೆಣ್ಣುಮುಖ. ಎಡಗಣ್ಣಿದ್ದ ಕಡೆ ಹತ್ತಿಯ ಉಂಡೆ.

ಓಣಿ ಎಂದರೆ ಜನ ಗುಂಪು ಕಟ್ಟಿಕೊಂಡು ಮಾತಾಡಲು ಮಾಡಿದ ಸಾಫ್ಟ್‌ವೇರು. ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ಅದರ ಒಳಗಿನ ಕೋಡನ್ನೆಲ್ಲ ಓದಬಹುದು, ತಿದ್ದಬಹುದು. ಗುರುಬಸವ ಮತ್ತು ಕಲಬುರಗಿಯ ಅನುರಾಧಾ ಏಳು ವರ್ಷ ಆಫೀಸು ಮುಗಿದ ಮೇಲೆ ಕೂತು ಅದನ್ನು ಕಟ್ಟಿದ್ದರು. ಇನ್ನೂರು ಕಡೆ ಜನ ತಂತಮ್ಮ ಸರ್ವರುಗಳಲ್ಲಿ ನಡೆಸುತ್ತಿದ್ದರು. ಹೊಡೆಯುವ ಗಂಡಂದಿರನ್ನು ಬಿಟ್ಟು ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ ಅಡಗಿದ್ದ ಹೆಂಗಸರದೂ ಅಲ್ಲೊಂದು ಗುಂಪಿತ್ತು. ಅವರ ಸರ್ವರನ್ನು ಗುರುಬಸವನೇ ನೋಡಿಕೊಳ್ಳುತ್ತಿದ್ದ.

ವಯಸ್ಸು ಖಾತ್ರಿ ಮಾಡಿಕೊಳ್ಳದೆ ಯಾರನ್ನೂ ಒಳಗೆ ಬಿಡಕೂಡದೆಂಬ ಕಾನೂನು ದೇಶದಿಂದ ದೇಶಕ್ಕೆ ಬರುತ್ತಿದೆ ಎಂದು ಓದಿ ಗುರುಬಸವ ಹೆದರಿದ್ದ. ನಾಳೆ ನೋಟಿಸು ಬಂದರೆ ಹೆದರದೆ ಉತ್ತರ ಕೊಡಲು ಅವನ ಹಿಂದೆ ಕಂಪನಿಯಿಲ್ಲ, ವಕೀಲನಿಲ್ಲ. ಕಾರ್ಡಿನ ಫೋಟೋ ತೋರಿಸಿದವರಿಗಷ್ಟೇ ಬಾಗಿಲು ತೆರೆಯುವಂತೆ ಓಣಿಯನ್ನು ತಿದ್ದಿದ. ಫೋಟೋ ನೋಡಿದ ಕೂಡಲೇ ಅಳಿಸಿಹೋಗಬೇಕು. ಆದರೆ ಪರೀಕ್ಷೆ ಮಾಡುವಾಗ ತಪ್ಪು ಹುಡುಕಲು ಅನುಕೂಲವಾಗಲೆಂದು ಪ್ರತಿ ಫೋಟೋವನ್ನೂ ಎತ್ತಿಡುವ ಒಂದು ಸಾಲು ಬರೆದಿದ್ದ. ಆ ಸಾಲು ತೆಗೆಯುವುದನ್ನು ಮರೆತ. ಎತ್ತಿಟ್ಟ ಜಾಗದ ಹೆಸರು ಎಲ್ಲರೂ ಓದುವ ಕೋಡಿನಲ್ಲೇ ಇತ್ತು, ಅದಕ್ಕೆ ಬೀಗವೂ ಇರಲಿಲ್ಲ.

"ಆಕಿ ಗಂಡನ ದೋಸ್ತ ಒಬ್ಬ ಇಂಥಾದ್ದರಾಗ ಪಳಗಿದಾಂವ," ಎಂದ ಯಶವಂತ. "ಓದಿದ, ತಗದ. ಕಾರ್ಡಿನ ಮ್ಯಾಲೆ ಆಕಿ ಹೊಸದಾಗಿ ಹಾಕಿಸಿದ ಹಾಸ್ಟೆಲ್ಲಿನ ಪತ್ತಾ ಇತ್ತು. ನಿನ್ನಿ ಸಂಜಿಮುಂದ ಗಂಡ ಗೇಟಿನಾಗ ನಿಂತು ಕಬ್ಬು ಕಡಿಯೋ ಕೊಯ್ತಾ ಬೀಸ್ಯಾನ. ಅವನು ಈಗ ಪೊಲೀಸರ ಕೈಯಾಗ ಅದಾನ, ಎಲ್ಲಾ ಬಾಯಿ ಬಿಟ್ಟಾನ, ನಿನ್ನ ಪತ್ತಾ ಸೈತ. ನೀ ನನ್ನ ಕೈಯಾಗ ಅದಿ. ಯಾವ ಕೈಲೆ ಬರದಿ ಅದನ್ನ?"

ಗುರುಬಸವ ಬಲಗೈ ತಾನೇ ಮುಂದೆ ಮಾಡಿದ.

ಯಶವಂತ ಆ ಬೆರಳುಗಳನ್ನು ಕಬ್ಬಿಣದ ಕಪಾಟಿನ ಸಂದಿಗಿಟ್ಟು ಬಾಗಿಲನ್ನು ಒದ್ದ. ತಗಡಿನ ಮೇಲಿನ ಆಲಿಕಲ್ಲಿನ ಗದ್ದಲದಲ್ಲೂ ಎಲುಬು ಮುರಿದ ಸದ್ದು ಬೇರೆಯಾಗಿ ಕೇಳಿಸಿತು. "ಶಿವಾ" ಎಂದು ಗುರುಬಸವ ಅಲ್ಲೇ ಕಾರಿಕೊಂಡ. ಎರಡು ಬೆರಳು ಹಿಂದಕ್ಕೆ ತಿರುಗಿ ನಿಂತಿದ್ದವು.

ಹೊಡೆದವನು ಏದುಸಿರು ಬಿಡುತ್ತಿದ್ದ. ಹೊಡೆಸಿಕೊಂಡವನು ಗೋಡೆ ಹಿಡಿದು ಎದ್ದು, ಮೇಜಿನ ಮುಂದೆ ಕೂತು, ಎಡಗೈಯಿಂದ ಮೊದಲು ಅಮೀರ್‌ಪೇಟೆಯ ಹೆಂಗಸರ ಸರ್ವರನ್ನು ನಿಲ್ಲಿಸಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆಯತೊಡಗಿದ. ರಕ್ತ ಗದ್ದದಿಂದ ಕೀಬೋರ್ಡಿಗೆ ತೊಟ್ಟಿಕ್ಕುತ್ತಿತ್ತು.

"ಏನ ಮಾಡಾಕತ್ತಿ?"

"ಇನ್ನೂರು ಕಡೆ ಇದೇ ಸಾಲು ಐತ್ರಿ. ಎಲ್ಲಾ ಕಡೆ ಇಟ್ಟ ಫೋಟೋ ಅಳಸೂ ಹಂಗ ಹೊಸಾದು ಬರದು ಬಿಡಬೇಕು. ಇಲ್ಲಾಂದ್ರ ಇನ್ನೊಬ್ಬಾಕಿನ್ನ ಹಿಂಗ ಹುಡುಕ್ಕೋತ ಹೋಗ್ತಾರ."

ಮುಕ್ಕಾಲು ತಾಸಿನ ಮೇಲೆ ಬರೆದು ಮುಗಿಯಿತು. ಆದರೆ ಅವನ ಕೈ ನಿಂತುಬಿಟ್ಟಿತು.

ಓಣಿಯಲ್ಲಿ ಮೊದಲಿನಿಂದ ಒಂದು ಕಟ್ಟಳೆಯಿತ್ತು: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಇಬ್ಬರೂ ತಮ್ಮ ತಮ್ಮ ಕೀ ಚುಚ್ಚಿ ಸಹಿ ಹಾಕಿದರೆ ಮಾತ್ರ ಹೊಸದು ಹೊರಗೆ ಹೋಗಿ ಎಲ್ಲ ಸರ್ವರುಗಳನ್ನು ಸೇರುತ್ತಿತ್ತು. ಪೆನ್‌ಡ್ರೈವಿನಷ್ಟು ಪುಟ್ಟ ಕೀ. ಹೆರಿಗೆಗೆ ತವರಿಗೆ ಹೋಗುವಾಗ ಅನುರಾಧಾ ತನ್ನದನ್ನು, ಅದರ ಪಿನ್ ನಂಬರಿನ ಸಮೇತ, ಅವನನ್ನು ನಂಬಿ ಕೊಟ್ಟಿದ್ದಳು. ವಯಸ್ಸು ಖಾತ್ರಿ ಮಾಡುವ ಈ ಕೆಲಸಕ್ಕೆ ಮಾತ್ರ ನಾನು ಬರುವ ತನಕ ಕೈ ಹಚ್ಚಬೇಡ ಎಂದೂ ಹೇಳಿದ್ದಳು. ಗುರುಬಸವ ಎರಡೂ ಸಹಿಯನ್ನು ತಾನೇ ಹಾಕಿ ಅದನ್ನು ಬಿಟ್ಟಿದ್ದ. ಅವಳು ಗಚ್ಚಿಬೌಲಿಯ ತನ್ನ ಮನೆಗೆ ಮರಳಿ ಎರಡು ತಿಂಗಳಾದರೂ, ಎರಡು ಸಲ ಕೀ ಕೇಳಿದರೂ, ಇವತ್ತು ನಾಳೆ ಎನ್ನುತ್ತಿದ್ದ. ಕೈ ಯಾಕೆ ನಿಂತಿತೆಂದು ಕೇಳಿದ ಯಶವಂತನಿಗೆ ಇದನ್ನೆಲ್ಲ ಹೇಳಿದ.

"ಎರಡೂ ನಿನ ಬಲ್ಲೇ ಅದಾವಲ್ಲ. ಒತ್ತು," ಎಂದ ಯಶವಂತ.

"ಒತ್ತಂಗಿಲ್ಲರಿ. ನಾ ಒಬ್ಬನ ಒತ್ತಿದ್ದಕ್ಕ ನಿಮ್ಮ ತಂಗಿ ಕಣ್ಣು ಹೋತು."

ಯಶವಂತ ಅವನ ತಲೆ ಹಿಡಿದು ಮೇಜಿಗೆ ಕುಟ್ಟಿದ. ಹುಬ್ಬು ಒಡೆಯಿತು. ಗುರುಬಸವ ಬರೆದದ್ದನ್ನು ಅನುರಾಧಾಳಿಗೆ ಕಳಿಸಿ, ಫೋನು ಮಾಡಿ, ತನ್ನ ತಪ್ಪನ್ನು ಒಂದೂ ಬಿಡದೆ ಹೇಳಿದ.

"ಬರಾಕತ್ತೀನಿ," ಎಂದಳು ಅವಳು.

ಕೂಸನ್ನು ತನ್ನ ತಾಯಿಯ ಮಡಿಲಿಗೆ ಹಾಕಿ, ಮುರಿದುಬಿದ್ದ ಮರಗಳ ನಡುವೆ ಕ್ಯಾಬಿನಲ್ಲಿ ಅವಳು ಬಂದು ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತು ಇಬ್ಬರು ಗಂಡಸರು ನೆಲದ ಮೇಲೆ ಎದುರುಬದುರು ಕೂತಿದ್ದರು. ಯಶವಂತ ಮೂರು ಸಲ ಎದ್ದ, ಮೂರು ಸಲ ಕೂತ.

"ಅಣ್ಣಾ, ಇದೇನಿದು," ಎಂದಳು ಅನುರಾಧಾ, ಬಾಗಿಲಲ್ಲೇ ನಿಂತು ಗುರುಬಸವನ ಮುಖ ನೋಡಿ.

"ನಾನಾ ಹೊಡದೀನಿ," ಎಂದ ಯಶವಂತ.

"ಕಾಣಸ್ತೈತಿ. ಸರಕೋರಿ." ಅವಳು ಮೇಜಿನ ಮುಂದೆ ಕೂತಳು. "ಅಣ್ಣಾ, ನೀ ಬರದದ್ದು ಕ್ಯಾಬಿನಾಗ ಓದಿದೆ. ನೀ ಅಳಸಿದ್ದು ಮ್ಯಾಲಿನ ಫೋಟೋ ಅಷ್ಟ. ದಿನಾ ತಗೊಳ್ಳೋ ಬ್ಯಾಕಪ್ಪಿನಾಗ ಅವು ಹಂಗ ಅದಾವ. ತಿದ್ದೀನಿ, ನೀ ಒಮ್ಮೆ ಓದು."

ಯಶವಂತ ತನ್ನ ಅಂಗೈಯನ್ನು ನೋಡಿಕೊಂಡ. ಆಗಲೇ ಒತ್ತಿಸಿದ್ದರೆ ಎಲ್ಲ ಅಳಿಯಿತೆಂದು ನಂಬಿ ಬೀದರಿಗೆ ಹೋಗಿರುತ್ತಿದ್ದ.

"ನಂಗೂ ಮಗಳದಾಳ್ರಿ, ಹನ್ನೊಂದರಾಕಿ," ಎಂದ ಯಶವಂತ. "ಫೋನಿನಾಗ ಯಾರ ಕೂಡ ಮಾತಾಡ್ತಾಳೋ. ವಯಸ್ಸು ಕೇಳಬ್ಯಾಡ್ರಿ ಅಂತ ಹ್ಯಾಂಗ ಅನ್ನಲಿ?"

"ಕೇಳೋಣ," ಎಂದಳು ಅನುರಾಧಾ. "ಹದಿನೆಂಟು ಆಗೇತೋ ಇಲ್ಲೋ, ಅಷ್ಟ. ಅದನ್ನೂ ಎಲ್ಲೂ ಬರದಿಡೂದು ಬ್ಯಾಡ. ಸಣ್ಣವರಿಗೆ ಗುರ್ತಿಲ್ಲದವರು ಮಾತು ಕಳಸದಂಗ ಮಾಡೋಣ. ಸುಳ್ಳು ಹೇಳಿ ದೊಡ್ಡವರಾಗೋ ಹುಡುಗರು ಇರ್ತಾರ, ಅದಕ್ಕ ನನ್ನ ಬಲ್ಲಿ ಜವಾಬು ಇಲ್ಲ. ಆದ್ರ ಕಾರ್ಡು ನಾವು ಮುಟ್ಟಂಗಿಲ್ಲ."

"ಕಾರ್ಡು ಬೇಕೇ ಬೇಕು ಅಂತ ಕಾಯ್ದೆ ಅಂದ್ರ?" ಎಂದ ಗುರುಬಸವ.

"ಯಾಕ ಆಗಂಗಿಲ್ಲ ಅಂತ ಹೆಸರು ಹಾಕಿ ಬರಕೊಡೋಣ. ಸ್ನೇಹಲತಾ ಒಪ್ಪಿದ್ರ ಆಕಿ ಕತಿನೂ ಬರಿಯೋಣ. ಸರಕಾರ ಕೇಳದಿದ್ರ ಆ ದೇಶಕ್ಕ ಓಣಿ ಇಲ್ಲಂತ ಬೋರ್ಡು ಹಾಕೋಣ. ಅಂಜಿ, ಮುಚ್ಚಿ ಮಾಡೂದು ಬ್ಯಾಡ ಅಣ್ಣಾ."

ಗುರುಬಸವ ಊದಿದ ಕಣ್ಣನ್ನು ಪರದೆಯ ಹತ್ತಿರ ತಂದು ಅವಳ ತಿದ್ದುಪಡಿಯನ್ನು ಸಾಲು ಸಾಲಾಗಿ, ತುಟಿಯಲ್ಲೇ ಗುನುಗುತ್ತ, ಎರಡು ಸಲ ಓದಿದ. ತನ್ನ ಕೀ ಚುಚ್ಚಿ ತನ್ನ ಸಹಿಯನ್ನಷ್ಟೇ ಹಾಕಿದ. ಆಮೇಲೆ ಡ್ರಾಯರ್ ಎಳೆದು ಇನ್ನೊಂದು ಕೀ ತೆಗೆದು, ಅದಕ್ಕೆ ಹತ್ತಿದ ರಕ್ತವನ್ನು ಪಂಚೆಯ ಅಂಚಿಗೆ ಒರೆಸಿ, ಅವಳ ಅಂಗೈಯಲ್ಲಿಟ್ಟ.