ಸಾಯಲೊಲ್ಲದ ಕೋಶಗಳು

ನನ್ನ ಗಂಡನ ಕೈಗೆ ಸಿಕ್ಕ ಯಾವುದಕ್ಕೂ ಸಾವಿಲ್ಲ. ಹಿಡಿ ಕಿತ್ತ ಬಾಣಲೆ, ರೆಕ್ಕೆ ಮುರಿದ ಫ್ಯಾನು, ಪಕ್ಕದ ಮನೆಯವರು ಎಸೆದ ಒಣಗಿದ ಗಿಡ, ಎಲ್ಲಕ್ಕೂ ನಮ್ಮ ಬಾಲ್ಕನಿಯಲ್ಲಿ ಆರೈಕೆ ನಡೆಯುತ್ತಿದೆ. ಇಂಥವರನ್ನು ನನ್ನ ಪ್ರಯೋಗಾಲಯಕ್ಕೇ ಸೇರಿಸಿಕೊಂಡದ್ದು ನನ್ನ ಬುದ್ಧಿಗೇಡಿತನ.

ನಮ್ಮದು ಕಂಪ್ಯೂಟರಿನೊಳಗೆ ಜೀವಕೋಶಗಳನ್ನು ಸೃಷ್ಟಿಸುವ ಕೆಲಸ. ವಿಕಿರಣ ತಗುಲಿ ಡಿಎನ್‌ಎಗೆ ಏಟು ಬಿದ್ದರೆ ಕೋಶ ಮೊದಲು ಬೆಳೆಯುವುದನ್ನು ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ರಿಪೇರಿಗೂ ಬಗ್ಗದಿದ್ದರೆ ತಾನಾಗಿಯೇ ಪ್ರಾಣ ಬಿಡುತ್ತದೆ. ಅದನ್ನು ನಾವು ಲೆಕ್ಕದಲ್ಲಿ ತೋರಿಸಬೇಕು. ಅಂದು ಮಧ್ಯಾಹ್ನ ಆಸ್ಪತ್ರೆಯ ಡಾಕ್ಟರಮ್ಮ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಯೋಜನೆಗೆ ಬೀಗ, ನಮ್ಮಿಬ್ಬರಿಗೂ ಮನೆಯೇ ಗತಿ.

ನನ್ನ ಕೋಶಗಳೋ, ಎಷ್ಟು ಬಡಿದರೂ ಸಾಯಲೊಲ್ಲವು. ವಿಕಿರಣ ಹೆಚ್ಚಿಸಿದಷ್ಟೂ ಮೈಕೈ ತುಂಬಿಕೊಂಡು ಪರದೆಯ ಮೇಲೆ ಮೆರೆದವು. ನನಗೆ ಸಿಟ್ಟು ನೆತ್ತಿಗೇರಿತು.

"ಸಾಯ್ರೋ, ನಿಮ್ಮ ಮನೆ ಹಾಳಾಗ!" ಎಂದು ಕೂಗುವುದಕ್ಕೂ ಡಾಕ್ಟರಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು.

"ಯಾರಮ್ಮಾ ಸಾಯಬೇಕು?"

"ಇವು ಮೇಡಂ. ಸಾಯ್ತಾನೇ ಇಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತು ಪರದೆ ನೋಡಿದರು. "ಏಟು ಮಿತಿ ಮೀರಿದ ಮೇಲೆ ಏನು ಮಾಡ್ಬೇಕು ಅಂತ ಬರೆದಿದ್ದೀರಿ?"

"ಆ ಭಾಗ ಇವರದು," ಎಂದು ಗಂಡನ ಕಡೆ ತಿರುಗಿದೆ. ಪ್ರೋಗ್ರಾಮಿನ ಭಾಗಗಳಿಗೆ ನಾವು ಕನ್ನಡದಲ್ಲೇ ಹೆಸರಿಡುತ್ತೇವೆ: ತಡೆ, ಹೊಲಿ, ಸಾಕು. ಮೊದಲೆರಡನ್ನು ನಾನೇ ಬರೆದು, ಕೊನೆಯದಕ್ಕೆ ಹೆಸರು ಮಾತ್ರ ಕೊಟ್ಟು ಅವರಿಗೆ ಬಿಟ್ಟಿದ್ದೆ.

"ನೀನೇ ಸಾಕು ಅಂದ್ಯಲ್ಲ, ಸಾಕಿದ್ದೀನಿ," ಎಂದರು ಗಂಡ, ಹೆಮ್ಮೆಯಿಂದ. "ಜಾಸ್ತಿ ಏಟು ಬಿದ್ದಿರೋದಕ್ಕೆ ಜಾಸ್ತಿ ಆಹಾರ. ಪಾಪ, ಅಲ್ವಾ?"

"ರೀ! ಸಾಕು ಅಂದ್ರೆ ಇನ್ನು ಸಾಕು, ಮುಗೀತು ಅಂತ!"

"ಹಂಗಾದ್ರೆ ಮುಗಿಸು ಅಂತ ಹೆಸರಿಡಬೇಕಿತ್ತು."

ನೆಲ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡ ಮೇಲೆ ಅವರ ದನಿ ತಗ್ಗಿತು. "ಸಾಯಬೇಕಾದ ಕೋಶನ ಹೀಗೆ ಮುದ್ದು ಮಾಡಿ ಸಾಕಿದ್ರೆ ನಮ್ಮ ವಾರ್ಡಲ್ಲಿ ಅದನ್ನ ಕ್ಯಾನ್ಸರ್ ಅಂತೀವಿ ಸರ್."

ಗಂಡನ ಮುಖ ಇಳಿದುಹೋಯಿತು. ಬರೆದದ್ದನ್ನೆಲ್ಲ ತಾವೇ ಅಳಿಸಿ ಹೊಸದಾಗಿ ಬರೆದರು. ಮತ್ತೆ ಓಡಿಸಿದೆವು. ಸಣ್ಣ ಏಟಿನ ಕೋಶಗಳು ಹೊಲಿದುಕೊಂಡು ಸುಧಾರಿಸಿಕೊಂಡವು. ಕೈಮೀರಿದವು ಒಂದೊಂದಾಗಿ ಆರಿಹೋದವು. ಡಾಕ್ಟರಮ್ಮ ತಲೆದೂಗಿ, ತಮ್ಮ ರೋಗಿಗಳ ಅಂಕಿಅಂಶ ಕಳಿಸುವುದಾಗಿ ಹೇಳಿ ಹೊರಟರು. ನನಗೆ ಹೋದ ಜೀವ ಬಂದಂತಾಯಿತು.

ಗಂಡ ಮಾತ್ರ ಪರದೆಯೆದುರಿನಿಂದ ಕದಲಲಿಲ್ಲ.

"ಕೆಲಸ ಉಳೀತಲ್ಲ ರೀ, ಸ್ವಲ್ಪ ನಗಬಾರದಾ?" ಎಂದೆ.

"ನಗೋಣ ಇರು," ಎಂದರು. "ಇಷ್ಟು ಜನ ಹೋಗಿದ್ದಾರೆ. ಒಂದು ಗಳಿಗೆ ಸುಮ್ನಿರು ಕಣೇ."